ಜರ್ಮನಿಯಲ್ಲಿ ಹಳೆಯ ಕಾರು ಕೊಳ್ಳುವವರೇ, ಕರಾರುಪತ್ರದಲ್ಲಿ ಮಾರುವವನ ಹೆಸರು ಯಾರದೆಂದು ಮೊದಲು ನೋಡಿ

ಈ ಬರಹ ಜರ್ಮನಿಯಲ್ಲಿರುವ, ಅಥವಾ ಸದ್ಯದಲ್ಲೇ ಇಲ್ಲಿಗೆ ಬರಲಿರುವ ಕನ್ನಡಿಗರಿಗಾಗಿ. ಹಳೆಯ ಕಾರು ಕೊಳ್ಳಲು ಹೊರಟವರೆಲ್ಲ ಇಂಜಿನ್, ಟೈರು, ಬಣ್ಣ ನೋಡುತ್ತಾರೆ, ನಾನೂ ನೋಡಿದೆ. ನೋಡದೆ ಬಿಟ್ಟದ್ದು ಕರಾರುಪತ್ರದ ಮೊದಲ ಎರಡು ಸಾಲುಗಳನ್ನು, ಕೈಸುಟ್ಟುಕೊಂಡದ್ದೂ ಅಲ್ಲಿಯೇ.

ಕಾರು ಸಿಕ್ಕಿದ್ದು ಫ್ರಾಂಕ್‌ಫರ್ಟಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರಿನ ಹೊರವಲಯದಲ್ಲಿ, ಇಪ್ಪತ್ತು ಮೂವತ್ತು ಕಾರುಗಳನ್ನು ಮಾರಾಟಕ್ಕೆ ನಿಲ್ಲಿಸಿಕೊಂಡಿದ್ದ ಒಂದು ಬಯಲಿನಲ್ಲಿ. ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೀಟರಿನಲ್ಲಿ 1,18,000 ಕಿಲೋಮೀಟರ್, ಬೆಲೆ 6,400 ಯೂರೊ. ಜಾಹೀರಾತಿನಲ್ಲಿ ‘ಟ್ಯೂಫ್ ನೋಯ್’ ಎಂದಿತ್ತು, ಅಂದರೆ ಎರಡು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಆಗಬೇಕಾದ ತಾಂತ್ರಿಕ ತಪಾಸಣೆ ಹೊಸದಾಗಿ ಆಗಿರುತ್ತದೆ ಎಂಬ ಭರವಸೆ. ಕಚೇರಿಯೆಂದರೆ ಒಂದು ಕಂಟೇನರ್; ಒಳಗೆ ಕುಳಿತಿದ್ದವರು ಬಹಳ ನಯವಾಗಿ ಮಾತಾಡಿ, ಕಾಫಿ ಕೊಟ್ಟು, ನಾಲ್ಕು ಪುಟದ ಕರಾರುಪತ್ರವನ್ನು ಮುಂದಿಟ್ಟರು. ನನ್ನ ಜರ್ಮನ್ ಭಾಷೆ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವಷ್ಟರದು. ಬೆಲೆಯ ಅಂಕಿ ಸರಿಯಾಗಿದೆಯೆಂದು ನೋಡಿ ಸಹಿ ಹಾಕಿದೆ, ಹಣವನ್ನು ಪೂರ್ತಿ ಎಣಿಸಿಕೊಟ್ಟೆ.

ಕಾರಿನ ಹಿಂದಿನ ನೋಂದಣಿ ಆಗಲೇ ರದ್ದಾಗಿತ್ತು. ಇಂಥ ಕಾರನ್ನು ಓಡಿಸಿಕೊಂಡು ಬರುವಂತಿಲ್ಲ. ಕಾಗದಪತ್ರಗಳನ್ನು ಮಾತ್ರ ತಂದು, ನಮ್ಮ ಊರಿನ ನೋಂದಣಿ ಕಚೇರಿಯಲ್ಲಿ ಹೊಸ ನಂಬರ್ ಪ್ಲೇಟ್ ಪಡೆದು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲಿನಲ್ಲಿ ಹೋಗಿ ಕಾರಿಗೆ ಹಚ್ಚಿ ತರಬೇಕು. ನಮ್ಮ ಆರ್‌ಸಿ ಒಂದೇ ಆದರೆ ಇಲ್ಲಿ ಎರಡು ಪತ್ರಗಳಿವೆ. ಮೊದಲನೆಯದು ಗಾಡಿಯಲ್ಲಿ ಇಟ್ಟುಕೊಳ್ಳುವ ‘ಶೈನ್’, ಎರಡನೆಯದು ಮನೆಯಲ್ಲಿ ಜೋಪಾನ ಮಾಡುವ ‘ಬ್ರೀಫ್’. ಸಾಲದ ಕಾರಾದರೆ ನಮ್ಮಲ್ಲಿ ಆರ್‌ಸಿಯಲ್ಲೇ ಬ್ಯಾಂಕಿನ ಹೆಸರು ನಮೂದಾಗುತ್ತದೆ, ಇಲ್ಲಿ ಸಾಮಾನ್ಯವಾಗಿ ಬ್ರೀಫ್ ಪತ್ರವೇ ಬ್ಯಾಂಕಿನ ವಶದಲ್ಲಿರುತ್ತದೆ. ಆದ್ದರಿಂದ ‘ಅದು ಆಮೇಲೆ ಅಂಚೆಯಲ್ಲಿ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ. ನನಗೆ ಎರಡೂ ಪತ್ರಗಳು ಸಿಕ್ಕಿದ್ದವು, ಅದೇ ನನ್ನ ಧೈರ್ಯವಾಗಿತ್ತು.

ನೋಂದಣಿಗೆ ಪಾಸ್‌ಪೋರ್ಟ್, ವಿಳಾಸ ನೋಂದಣಿಯ ಪ್ರಮಾಣಪತ್ರ, ವಿಮಾ ಕಂಪನಿ ಕೊಡುವ ಏಳು ಅಕ್ಷರಾಂಕಿಗಳ ಇವಿಬಿ ಸಂಖ್ಯೆ, ವಾಹನ ತೆರಿಗೆಯನ್ನು ಖಾತೆಯಿಂದ ನೇರವಾಗಿ ಕಡಿತ ಮಾಡಿಕೊಳ್ಳಲು ಒಪ್ಪಿಗೆ, ಇವೆಲ್ಲ ಬೇಕು. (ಆ ತೆರಿಗೆಯನ್ನು ವಸೂಲು ಮಾಡುವುದು ಕಸ್ಟಮ್ಸ್ ಇಲಾಖೆ, ಮೊದಲ ಬಾರಿ ಅವರ ಪತ್ರ ಬಂದಾಗ ಏನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿತ್ತು.) ಎಲ್ಲವನ್ನೂ ಜೋಡಿಸಿಕೊಂಡು ಹೋದರೆ, ಕೌಂಟರಿನಲ್ಲಿದ್ದವರು ತಪಾಸಣೆಯ ಅವಧಿ ಮುಗಿದಿದೆ, ಹೊಸ ವರದಿ ಎಲ್ಲಿ ಎಂದು ಕೇಳಿದರು. ವರದಿ ಇರಲಿಲ್ಲ, ಜಾಹೀರಾತಿನ ‘ಟ್ಯೂಫ್ ನೋಯ್’ ಜಾಹೀರಾತಿನಲ್ಲೇ ಉಳಿದಿತ್ತು. ಹಣವೂ ಕಾರೂ ಎರಡೂ ವ್ಯಾಪಾರಿಯ ಬಳಿಯೇ ಇದ್ದುದರಿಂದ ಅವರಿಗೆ ಅವಸರವೇನಿರಲಿಲ್ಲ. ತಪಾಸಣೆ ಮಾಡಿಸಿ ವರದಿ ಕಳಿಸಲು ಐದು ವಾರ ತೆಗೆದುಕೊಂಡರು.

ಕಾರು ಮನೆಗೆ ಬಂದ ಎರಡನೆಯ ತಿಂಗಳಲ್ಲಿ ಇಂಜಿನ್ನಿನ ಕೆಳಗೆ ಎಣ್ಣೆ ತೊಟ್ಟಿಕ್ಕುವುದು ಕಂಡು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತಿದ ಮೆಕ್ಯಾನಿಕ್ ಒಳಬದಿಯಲ್ಲಿ ಅಂಟಿಸಿದ್ದ, ಮಸಿ ಹಿಡಿದ ಒಂದು ಚೀಟಿಯನ್ನು ಒರೆಸಿ ತೋರಿಸಿದರು. ಆಯಿಲ್ ಬದಲಿಸಿದಾಗ ಗ್ಯಾರೇಜಿನವರು ದಿನಾಂಕ, ಕಿಲೋಮೀಟರ್ ಬರೆದು ಬಿಡುವ ಚೀಟಿ ಅದು. ಎರಡು ವರ್ಷ ಹಿಂದಿನ ದಿನಾಂಕದ ಎದುರು 1,71,000 ಎಂದಿತ್ತು.

ಕರಾರುಪತ್ರವನ್ನು ನಿಜವಾಗಿ ಓದಿದ್ದು ಅಂದು ರಾತ್ರಿ, ಜರ್ಮನ್ ಬಲ್ಲ ಗೆಳೆಯರೊಬ್ಬರ ಜೊತೆ ಕುಳಿತು. ಮಾರುವವರ ಜಾಗದಲ್ಲಿ ಆ ವ್ಯಾಪಾರಿಯ ಹೆಸರೇ ಇರಲಿಲ್ಲ. ಕಾರಿನ ಹಿಂದಿನ ನೋಂದಾಯಿತ ವ್ಯಕ್ತಿಯ ಹೆಸರಿತ್ತು. ಅದರ ಕೆಳಗೆ ‘ಇಮ್ ಕುಂಡೆನ್‌ಔಫ್‌ಟ್ರಾಗ್’, ಅಂದರೆ ಗ್ರಾಹಕರ ಪರವಾಗಿ ಮಾರಾಟ ಎಂಬ ಒಕ್ಕಣೆ. ಕಿಲೋಮೀಟರಿನ ಎದುರು ‘ಲೌಟ್ ಫೋರ್‌ಬೆಸಿತ್ಸರ್’, ಹಿಂದಿನವರು ಹೇಳಿದ ಪ್ರಕಾರ ಎಂದಿತ್ತು. ಈ ಎರಡು ತುಣುಕುಗಳ ಬೆಲೆ ತಿಳಿಯಬೇಕಾದರೆ ಇಲ್ಲಿನ ಕಾನೂನು ಸ್ವಲ್ಪ ಗೊತ್ತಿರಬೇಕು. ವ್ಯಾಪಾರಿಯೊಬ್ಬ ಸಾಮಾನ್ಯ ಗ್ರಾಹಕನಿಗೆ ಮಾರಿದರೆ ದೋಷದ ಹೊಣೆಯನ್ನು ಪೂರ್ತಿ ಕಳಚಿಕೊಳ್ಳುವಂತಿಲ್ಲ. ಹಳೆಯ ವಸ್ತುವಾದರೆ ಅದರ ಅವಧಿಯನ್ನು 1 ವರ್ಷಕ್ಕೆ ಇಳಿಸಬಹುದು, ಅಷ್ಟೇ. 2022ರ ಜನವರಿಯಿಂದ ಈಚಿನ ಮಾರಾಟಗಳಲ್ಲಿ, ಮೊದಲ ವರ್ಷದೊಳಗೆ ಕಾಣಿಸಿಕೊಂಡ ದೋಷವು ಮಾರುವಾಗಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ, ಇರಲಿಲ್ಲವೆಂದು ತೋರಿಸಬೇಕಾದವನು ವ್ಯಾಪಾರಿ. ಆದರೆ ಖಾಸಗಿ ವ್ಯಕ್ತಿಯು ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಮಾರುವಾಗ ಒಂದೇ ಸಾಲು ಬರೆದು ಈ ಹೊಣೆಯಿಂದ ತಪ್ಪಿಸಿಕೊಳ್ಳಬಹುದು, ಮತ್ತು ಆ ಸಾಲು ನನ್ನ ಮೂರನೆಯ ಪುಟದಲ್ಲಿತ್ತು. ಫೋನಿನಲ್ಲಿ ವ್ಯಾಪಾರಿ ಹೇಳಿದ್ದೂ ಇಷ್ಟೇ: ‘ನಾನು ಮಾರಿಲ್ಲ, ಅವರು ಮಾರಿದ್ದು.’

ಪತ್ರದಲ್ಲಿದ್ದ ವಿಳಾಸಕ್ಕೆ ಬರೆದೆ. ಅಲ್ಲಿದ್ದ ವೃದ್ಧರು ಮರ್ಯಾದೆಯಿಂದ ಉತ್ತರಿಸಿದರು: ಕಾರನ್ನು ಅವರು ತಿಂಗಳುಗಳ ಹಿಂದೆಯೇ ಆ ವ್ಯಾಪಾರಿಗೆ ಮಾರಿ ಹಣ ಪಡೆದಿದ್ದರು, ತಮ್ಮ ಹೆಸರಿನಲ್ಲಿ ಇನ್ನೊಂದು ಕರಾರು ಆಗಿರುವುದು ಅವರಿಗೆ ತಿಳಿದೇ ಇರಲಿಲ್ಲ. ವಕೀಲರ ಪ್ರಕಾರ ಇದು ಗಟ್ಟಿ ಸಾಕ್ಷ್ಯ. ಲಾಭನಷ್ಟವೆಲ್ಲ ವ್ಯಾಪಾರಿಯದೇ ಆಗಿದ್ದರೆ ‘ಗ್ರಾಹಕರ ಪರವಾಗಿ’ ಎಂಬ ಮುಸುಕನ್ನು ನ್ಯಾಯಾಲಯ ಒಪ್ಪುವುದಿಲ್ಲ. ಮೀಟರ್ ತಿರುಗಿಸುವುದು 2005ರಿಂದ ಇಲ್ಲಿ ಪ್ರತ್ಯೇಕ ಅಪರಾಧವೇ ಆಗಿದೆ. ಆದರೆ ತಿರುಗಿಸಿದವರು ಯಾರೆಂದು ಗೊತ್ತಾಗಲಿಲ್ಲ, ಮತ್ತು ವಕೀಲರ ನೋಟಿಸು ವಿಳಾಸದಾರರಿಲ್ಲ ಎಂದು ಮರಳಿತು. ಹೋಗಿ ನೋಡಿದರೆ ಬಯಲು ಅದೇ, ಕಂಟೇನರ್ ಅದೇ, ಬೋರ್ಡು ಮಾತ್ರ ಬೇರೆ. ಮೊಕದ್ದಮೆಯ ಖರ್ಚು ಭರಿಸುವ ಕಾನೂನು ವಿಮೆ ನನ್ನಲ್ಲಿರಲಿಲ್ಲ. ಈಗ ಮಾಡಿಸಿದರೂ ಆಗಿಹೋದ ಜಗಳಕ್ಕೆ ಅದು ಬರುವುದಿಲ್ಲ. ರಿಪೇರಿಗೆ 1,900 ಯೂರೊ, ವಕೀಲರಿಗೆ 350 ಯೂರೊ ತೆತ್ತು ಸುಮ್ಮನಾದೆ.

ಕಳೆದ ತಿಂಗಳು ಮೈಸೂರಿನ ಕಡೆಯ ಹುಡುಗನೊಬ್ಬ ಕಾರು ನೋಡಲು ಜೊತೆಗೆ ಬನ್ನಿ ಎಂದು ಕರೆದ. ಕಾರು ಚೆನ್ನಾಗಿಯೇ ಇತ್ತು. ಕರಾರುಪತ್ರವನ್ನು ಮನೆಗೆ ಒಯ್ದು ಓದಿ ನಾಳೆ ಬರುತ್ತೇವೆ, ಹಳೆಯ ತಪಾಸಣಾ ವರದಿಗಳನ್ನೂ ತೋರಿಸಿ ಎಂದು ಕೇಳಿದೆವು. ಅವುಗಳಲ್ಲಿ ಆಯಾ ದಿನದ ಕಿಲೋಮೀಟರ್ ಬರೆದಿರುತ್ತದೆ. ಮುಂಗಡ ಕೊಡದೆ ಕಾಗದ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ನಾವು ಮುಂದಿನ ರೈಲು ಹಿಡಿದು ವಾಪಸಾದೆವು.