ಟ್ರಂಕು, ಪ್ಲಾಸ್ಟಿಕ್ ಡಬ್ಬಿ, ಖಾದಿ ಅರಿವೆ: ಹಳೆಯ ಆಟಿಕೆ ಕಾರಿನ ಪೆಟ್ಟಿಗೆ ಎಲ್ಲಿ ಉಳಿದೀತು?

ನಮ್ಮ ಮಾಮಾ ಹಡಗಿನ ನೌಕರಿಯಲ್ಲಿದ್ದಾಗ ತಂದ ಮೂರು ಪೆಟ್ಟಿಗೆಗಳು ಧಾರವಾಡದ ಮನೆಯಲ್ಲಿವೆ. ಎರಡು ಮ್ಯಾಚ್‌ಬಾಕ್ಸ್ ಎಂಬ ಆಟಿಕೆ ಕಾರಿನ ಬ್ರ್ಯಾಂಡಿನವು, 48 ಕಾರು ಹಿಡಿಯುವಂಥವು. ಇನ್ನೊಂದು ಹಾಟ್ ವೀಲ್ಸ್ ಎಂಬ ಬ್ರ್ಯಾಂಡಿನದು, 24 ಕಾರಿನದು. ಕಾರುಗಳನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಪೆಟ್ಟಿಗೆಯ ಕಡೆ ಯಾರೂ ನೋಡುವುದಿಲ್ಲ. ಅದರ ಗೋಡೆಯಲ್ಲಿರುವುದು ಬರೀ ರಟ್ಟು. ಮೇಲೆ ವಿನೈಲ್ ಎಂಬ ಮೆದು ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಕಾರು ಕೂರಿಸುವ ಪ್ಲಾಸ್ಟಿಕ್ ತಟ್ಟೆ. ಮಡಿಕೆಯಲ್ಲಿ ಒಂದು ಸೀಳು ಬಿಟ್ಟರೆ ಸಾಕು, ಇಲ್ಲಿಯ ಜಿಟಿಜಿಟಿ ಮಳೆಗೆ ರಟ್ಟು ಉಬ್ಬುತ್ತದೆ.

ಎರಡು ಮಳೆಗಾಲ ಮೂರನ್ನೂ ಬೇರೆ ಬೇರೆ ಕಡೆ ಇಟ್ಟು ನೋಡಿದೆ.

ಮೊದಲನೆಯದು ಅಟ್ಟದ ಮೇಲಿನ ತಗಡಿನ ಟ್ರಂಕಿಗೆ ಹೋಯಿತು, ಜೊತೆಗೆ ಡಾಂಬರ್ ಗುಳಿಗೆ. ಇದು ನಾನು ಮಾಡಿದ ದೊಡ್ಡ ತಪ್ಪು. ಜಿರಳೆ ಬರಲಿಲ್ಲ ನಿಜ. ಆದರೆ ಆ ಗುಳಿಗೆಯ ಆವಿ ಪಾಲಿಸ್ಟೈರೀನ್‌ನಂಥ ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಒಳಗಿನ ತಟ್ಟೆಯ ಮನೆಗಳಲ್ಲಿ ಗಾಲಿಗಳ ಅಚ್ಚು ಮೂಡಿತ್ತು. ಬೇಸಿಗೆಯ ಕಾವಿಗೆ ವಿನೈಲ್ ಕೂಡ ಜಿಗುಟಾಗಿತ್ತು. ವಿನೈಲನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ದ್ರವ ಹೀಗೆ ಹೊರಗೆ ಜಿನುಗುತ್ತದೆ.

ಎರಡನೆಯದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಸಮೇತ. ಮೊದಲ ವರ್ಷ ಚೆನ್ನಾಗಿತ್ತು. ಮರುವರ್ಷ ಆಷಾಢದಲ್ಲಿ ಹರಳು ಬದಲಿಸುವುದು ಮರೆತೆ. "ಆ ಡಬ್ಬ್ಯಾಗ ಏನೈತೋ ತಮ್ಮಾ, ಮುಗ್ಗಲು ವಾಸನಿ ಬರಾಕತ್ತೈತಿ" ಎಂದು ಅವ್ವ ಹೇಳಿದಾಗಲೇ ತೆರೆದದ್ದು. ಹರಳು ಬಣ್ಣ ತಿರುಗಿತ್ತು, ಸೀಳಿನ ಬಾಯಲ್ಲಿ ಬೂಷ್ಟು. ಒಳಗೆ ಸೇರಿದ ತೇವಕ್ಕೆ ಹೋಗಲು ದಾರಿಯೇ ಇರಲಿಲ್ಲ.

ಮೂರನೆಯದನ್ನು ಹುಬ್ಬಳ್ಳಿಯ ಬೆಂಗೇರಿಯಿಂದ ತಂದ ಬಣ್ಣ ಹಾಕದ ಖಾದಿಯಲ್ಲಿ ಸುತ್ತಿ, ನಡುಮನೆಯ ಕಟ್ಟಿಗೆ ಕಪಾಟಿನಲ್ಲಿಟ್ಟೆ. ಅರಿವೆಯನ್ನು ಮೊದಲು ಎರಡು ಸಲ ಒಗೆದು ಗಂಜಿ ತೆಗೆದಿದ್ದೆ. ಗಂಜಿಗೆ ಹುಳ ಬರುತ್ತದೆ. ಹೊರಗೋಡೆಗೆ ತಾಗದ ಕಪಾಟು, ನೆಲದಿಂದ ಎದೆಯೆತ್ತರದ ಹಲಗೆ. ತಿಂಗಳಿಗೊಮ್ಮೆ ಬಿಸಿಲು ಬಿದ್ದ ದಿನ ನೆರಳಲ್ಲೇ ಒಂದು ತಾಸು ತೆರೆದಿಡುತ್ತಿದ್ದೆ. ಎರಡು ಮಳೆಗಾಲ ಕಳೆದರೂ ರಟ್ಟು ನೆಟ್ಟಗಿದೆ, ಕೊಂಡಿಗೆ ತುಕ್ಕಿಲ್ಲ. ಧಾರವಾಡಕ್ಕೆ ನನ್ನ ಮತ ಇದಕ್ಕೇ.

ಗದಗಿನಲ್ಲಾದರೆ ಡಬ್ಬಿಯನ್ನೇ ಆರಿಸುತ್ತೇನೆ. ಅಲ್ಲಿ ಮಳೆ ಕಡಿಮೆ, ಎರೆಮಣ್ಣಿನ ಧೂಳು ಹೆಚ್ಚು. ಅರಿವೆ ಅದನ್ನು ತಡೆಯದು. ಹರಳು ಬದಲಿಸುವ ದಿನವನ್ನು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಎಲ್ಲಿಟ್ಟರೂ ಕಾರುಗಳನ್ನು ಹೊರಗೆ ತೆಗೆದು ಬೇರೆ ಇಡಿ. ಮೆದು ಗಾಲಿಗಳು ತಟ್ಟೆಗೆ ಅಂಟಿಕೊಂಡರೆ ಎರಡೂ ಕೆಡುತ್ತವೆ. ಜಿಗುಟಾದ ವಿನೈಲನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಮೇಲಿನ ಚಿತ್ರವೇ ಅಳಿಸೀತು. ಸಾಬೂನು ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಅರಿವೆ ಸಾಕು. ಸೀಳಿಗೆ ಸೆಲೋಟೇಪು ಹಚ್ಚಲೇಬೇಡಿ. ಮಾಮಾ ಹಚ್ಚಿದ್ದು ಹಳದಿಯಾಗಿ ಉದುರಿತು, ಅದರ ಅಂಟು ಇನ್ನೂ ಹೋಗಿಲ್ಲ.