ಪರದೇಶದ ಕಲಾವಿದರನ್ನು ಮೇಳದ ಸೀಸನ್ನಿಗೆ ಕರೆಯಬೇಕೋ, ಮಳೆಗಾಲಕ್ಕೋ?

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಇಲ್ಲಿನ ನಮ್ಮ ಸಣ್ಣ ಯಕ್ಷಗಾನ ತರಬೇತಿ ಕೇಂದ್ರಕ್ಕೆ ಹೊರದೇಶದ ನರ್ತಕರು, ರಂಗಕರ್ಮಿಗಳು ಬಂದು ಕೆಲವು ವಾರ ಉಳಿಯುತ್ತಾರೆ. ನಮ್ಮದನ್ನು ಕಲಿಯುತ್ತಾರೆ, ತಮ್ಮದನ್ನು ತೋರಿಸುತ್ತಾರೆ. ಅವರನ್ನು ಎರಡು ರೀತಿ ಇರಿಸಿಕೊಂಡು ನೋಡಿದ್ದೇವೆ. ಒಂದು, ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಊರೂರು ತಿರುಗಿ ಆಟ ಆಡುವ ಕಾಲದಲ್ಲಿ ಕಾಸರಗೋಡು ಪೇಟೆಯ ಬಾಡಿಗೆ ಮನೆಯಲ್ಲಿ. ಇನ್ನೊಂದು, ಮಳೆಗಾಲದಲ್ಲಿ ಅಡಿಕೆ ತೋಟದ ಮನೆಯಲ್ಲಿ, ಮನೆಮಂದಿಯ ಜೊತೆಗೇ. ಒಂದನ್ನೇ ಆರಿಸಿ ಅಂದರೆ ನಾನು ಮಳೆಗಾಲವನ್ನೇ ಆರಿಸುತ್ತೇನೆ.

ಸೀಸನ್ನಿನ ದೊಡ್ಡ ಲಾಭ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗ. ಜಪಾನಿನಿಂದ ಬಂದಿದ್ದ ಒಬ್ಬ ನರ್ತಕಿ ಬೂತೋ ಮಾಡುವವರು. ಮೈಗೆಲ್ಲ ಬಿಳಿ ಬಳಿದು ಕುಣಿಯುವ ಆ ಪ್ರಕಾರ 1950ರ ದಶಕದ ಕೊನೆಗೆ ಅಲ್ಲಿ ಹುಟ್ಟಿದ್ದು. ನಮ್ಮ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಲ್ಲಿ ಮುಖದ ಮೇಲೆ ಒಂದೊಂದೇ ಚುಟ್ಟಿ (ಬಿಳಿ ಮುಳ್ಳಿನಂಥ ಚುಕ್ಕೆ) ಇಡುವಾಗ ಆ ನರ್ತಕಿ ಗಂಟೆಗಟ್ಟಲೆ ಪಕ್ಕದಲ್ಲಿ ಕೂತು ನೋಡಿದರು. ಒಂದು ಸಾಲು ಒಣಗುವ ತನಕ ವೇಷಧಾರಿ ತುಟಿ ಅಲ್ಲಾಡಿಸುವುದಿಲ್ಲ. ಅವರೂ ಮಾತಾಡಲಿಲ್ಲ. ಇದು ಮಳೆಗಾಲದಲ್ಲಿ ಸಿಗುವುದಿಲ್ಲ, ಒಪ್ಪುತ್ತೇನೆ.

ಆದರೆ ಮಾರನೇ ದಿನ? ರಾತ್ರಿ ಆಟ ಮುಗಿಸಿದ ಕಲಾವಿದರು ಮಲಗಿ ಎದ್ದು, ಸಂಜೆಯೊಳಗೆ ಮುಂದಿನ ಊರು ಸೇರಬೇಕು. ಕಲಿಸಲು ಪುರುಸೊತ್ತೆಲ್ಲಿ? ಅತಿಥಿಗಳು ಸುಮ್ನೆ ಪ್ರೇಕ್ಷಕರಾಗಿ ಉಳಿದುಬಿಡುತ್ತಾರೆ. ಪೇಟೆ ಮನೆಯಲ್ಲಿ ಒಳ್ಳೆ ಇಂಟರ್ನೆಟ್ ಇತ್ತು, ಹೋಟೆಲು ಹತ್ತಿರ ಇತ್ತು. ಅಷ್ಟೇ.

ತುಳುವಿನ ಬೇಸ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ಹೊತ್ತಿಗೆ, ಪತ್ತನಾಜೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ತಿರುಗಾಟ ಮುಗಿಯುತ್ತದೆ. ಆಮೇಲೆ ಗುರುಗಳು ಮನೆಯಲ್ಲೇ ಸಿಗುತ್ತಾರೆ. ಎಂಟರ ಲೆಕ್ಕದಲ್ಲಿ ಕುಣಿದು ಬೆಳೆದವರ ಕಾಲಿಗೆ ತ್ರಿವುಡೆ ತಾಳದ ಏಳು ಅಕ್ಷರ ಹತ್ತಬೇಕಾದರೆ ದಿನಾ ಬೆಳಿಗ್ಗೆ ಅದೇ ಜಗಲಿ, ಅದೇ ಗುರು ಬೇಕು. ಸಂಜೆಗೆ ಎಲ್ಲಾದರೂ ತಾಳಮದ್ದಳೆ ಇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬರೀ ಹಾಡು ಮತ್ತು ಮಾತು. ದೇಹವನ್ನೇ ನಂಬಿದ ಕಲಾವಿದರಿಗೆ ಇದು ದೊಡ್ಡ ಅಚ್ಚರಿ. ಅರ್ಥ ಗೊತ್ತಾಗದಿದ್ದರೂ ಅರ್ಥಧಾರಿಯ, ಅಂದರೆ ಪಾತ್ರದ ಮಾತಾಡುವವರ, ಕೈ, ಹುಬ್ಬು, ಉಸಿರು ಗಮನಿಸಿ ಮರುದಿನ ಅದನ್ನೇ ಅಭ್ಯಾಸಕ್ಕೆ ತಂದವರಿದ್ದಾರೆ.

ಮನೆಯಲ್ಲಿ ತುಳು, ಮಲಯಾಳ, ಕನ್ನಡ ಮೂರೂ ಕಿವಿಗೆ ಬೀಳುತ್ತದೆ. ಗಂಜಿ, ಹಲಸಿನಕಾಯಿ ಪಲ್ಯ ಹೆಚ್ಚಿನವರಿಗೆ ಹಿಡಿಸುತ್ತದೆ, ಖಾರ ಮಾತ್ರ ಕಡಿಮೆ ಮಾಡಬೇಕು. ತೊಂದರೆಯೂ ಇದೆ. ಕರೆಂಟು ಹೋದರೆ ಬೇಗ ಬರುವುದಿಲ್ಲ. ತೇವಕ್ಕೆ ಮದ್ದಳೆಯ ಚರ್ಮ ಸಡಿಲವಾಗಿ ನಾದ ಇಳಿಯುತ್ತದೆ. ಬಟ್ಟೆ ಒಣಗುವುದೇ ಇಲ್ಲ. ಇದನ್ನೆಲ್ಲ ಮೊದಲೇ ಬರೆದು ತಿಳಿಸಬೇಕು, ಅಲ್ವಾ?

ಕಾಗದಪತ್ರದ ಕೆಲಸ ಎರಡರಲ್ಲೂ ಒಂದೇ. ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು, ಮನೆಯಲ್ಲಿ ಇರಿಸಿಕೊಂಡರೂ ಸರಿ. ಸಂಭಾವನೆ ಕೊಟ್ಟು ವೇದಿಕೆ ಹತ್ತಿಸುವುದಾದರೆ ಟೂರಿಸ್ಟ್ ವೀಸಾ ಸಾಲದು.

ಪೇಟೆ ಮನೆಯ ಬಾಡಿಗೆ ಉಳಿದರೆ ಆ ದುಡ್ಡು ಗುರುಗಳಿಗೆ ಹೋಗಲಿ. ಮಳೆಗಾಲದಲ್ಲಿ ಮೇಳದ ಸಂಬಳ ಇರುವುದಿಲ್ಲ. ಅತಿಥಿ ಬರುವ ಮೊದಲೇ ದಿನಕ್ಕೆ ಇಷ್ಟು ಎಂದು ಗುರುಗಳ ಹತ್ತಿರ ಮಾತಾಡಿ, ಅರ್ಧ ಮುಂಗಡ ಕೊಟ್ಟುಬಿಡಿ.