ಅವ್ವನ ಹೆಬ್ಬೆಟ್ಟು ಬ್ಯಾಂಕು: ಎರಡು ವರ್ಷ ದಾಟಿದ ಮೇಲೆ

ನಮ್ಮದು ತಾಳವಾಡಿ ಕಡೆಯ ಹಳ್ಳಿ. ರಾಜ್‌ಕುಮಾರ್ ಹುಟ್ಟಿದ ಗಾಜನೂರಿನ ಸೀಮೆ ಅಂದರೆ ಬೇಗ ಗೊತ್ತಾಗುತ್ತದೆ. ಮನೆಮಾತು ಕನ್ನಡ, ರೇಷನ್ ಕಾರ್ಡು ತಮಿಳುನಾಡಿನದು. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಸರ್ಕಾರ ಹೆಂಗಸರಿಗೆ ತಿಂಗಳಿಗೆ 1000 ರೂಪಾಯಿಯ ‘ಮಗಳಿರ್ ಉರಿಮೈ ತೊಗೈ’ ಶುರು ಮಾಡಿತು. ಆ ಹಣಕ್ಕಾಗಿ ಅವ್ವ ಒಮ್ಮೆಯೂ ಬ್ಯಾಂಕಿಗೆ ಹೋಗಿಲ್ಲ. ಊರಿನ ಅಂಗಡಿಯಲ್ಲೇ ಒಬ್ಬ ಹುಡುಗ ಬ್ಯಾಂಕ್ ಮಿತ್ರ, ಅಂದರೆ ಬ್ಯಾಂಕಿನ ಪರವಾಗಿ ಹಣ ಕೊಡುವವನು, ಆಗಿದ್ದಾನೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು. ಅಷ್ಟೇ. ಕಾರ್ಡೂ ಬೇಡ, ಪಿನ್ನೂ ಬೇಡ. ಇದರ ಹೆಸರು ಎಇಪಿಎಸ್, ಅಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ‘ಹೆಬ್ಬೆಟ್ಟು ಒತ್ತಿ ಬರ್ತೀನಿ’ ಅಂತಾರೆ.

ಆ ಹೆಬ್ಬೆಟ್ಟೇ ಮೊದಲ ತಲೆನೋವು. ಅರಿಶಿನ, ಕೋಸು, ಬೆಳ್ಳುಳ್ಳಿ ಅಂತ ವರ್ಷವೆಲ್ಲ ಹೊಲದಲ್ಲಿರುವ ಕೈ. ಗೆರೆ ಎಲ್ಲಿ ಉಳಿದಿರುತ್ತೆ? ಮೊದಲ ತಿಂಗಳು ಆರು ಸಲ ಒತ್ತಿದರೂ ಆಗಲಿಲ್ಲ. ಆಮೇಲೆ ಹುಡುಗನೇ ದಾರಿ ಕಂಡುಕೊಂಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಂಗುರ ಬೆರಳು ಇಡಿಸಿದ. ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿರುತ್ತೇವೆ, ಯಾವುದಾದರೂ ನಡೆಯುತ್ತದೆ. ಇದನ್ನು ಯಾರೂ ಹೇಳುವುದಿಲ್ಲ ನೋಡಿ.

ಮಿಷನ್ನು ತಮಿಳಿನಲ್ಲಿ, ಮೆಸೇಜು ಇಂಗ್ಲಿಷಿನಲ್ಲಿ, ಅವ್ವ ಕನ್ನಡದಲ್ಲಿ. ನಡುವೆ ಆ ಹುಡುಗ ಇಲ್ಲದಿದ್ದರೆ ಈ ಸೇವೆಗೆ ನಾನು ಐದಕ್ಕೆ ಒಂದೂವರೆ ಅಂಕ ಕೊಡುತ್ತಿದ್ದೆ. ಅವನಿರುವುದರಿಂದ ಮೂರೂವರೆ.

ತಿಂಗಳ 15ರ ಸುಮಾರಿಗೆ ಹೋಗಬೇಡಿ. ಎಲ್ಲರ ಹಣವೂ ಆಗಲೇ ಬರುತ್ತದೆ, ಮಧ್ಯಾಹ್ನಕ್ಕೆ ಅವನ ಗಲ್ಲಾಪೆಟ್ಟಿಗೆ ಖಾಲಿ. ಅವನು ನಮಗೆ ಕೊಡುವುದು ಕೈಯಲ್ಲಿರುವ ನೋಟು. ಅದರ ಬದಲಿಗೆ ಅವನ ಖಾತೆಗೆ ಬರುವುದು ಬರೀ ಅಂಕಿ. ಅದನ್ನು ಮತ್ತೆ ನೋಟು ಮಾಡಿಕೊಳ್ಳಲು ಕಾಡು ದಾರಿಯಲ್ಲಿ ಬೈಕ್ ಓಡಿಸಬೇಕು. ಒಂದು ಸಲಕ್ಕೆ 10,000ದವರೆಗೆ ತೆಗೆಯಬಹುದು ಅಂತ ನಿಯಮವೇನೋ ಇದೆ. ಅಷ್ಟು ನೋಟು ಅವನ ಹತ್ತಿರ ಇರಬೇಕಲ್ವಾ?

ಕಳೆದ ವರ್ಷ ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಸ್ಲಿಪ್ಪಿನಲ್ಲಿ ‘ಫೇಲ್’, ಖಾತೆಯಲ್ಲಿ 1000 ಮಾಯ. ಅವ್ವ ಆ ರಾತ್ರಿ ಊಟ ಮಾಡಲಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಇಂಥ ಹಣ ಐದು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳದೆಯೇ ಕೊಡಬೇಕು ಅಂತಲೂ ಇದೆ. ನಮಗೆ ಬಂದದ್ದು ಒಂಬತ್ತನೇ ದಿನ, ಪರಿಹಾರ ಇಲ್ಲ. ಫೇಲ್ ಸ್ಲಿಪ್ಪಿನ ಫೋಟೋ ಹಾಕಿ ಬ್ಯಾಂಕಿಗೆ ದೂರು ಬರೆದೆ. ಆಮೇಲೆ 400 ಬಂತು. 30 ದಿನದಲ್ಲಿ ಬ್ಯಾಂಕು ಸರಿಯಾಗಿ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಸ್ಲಿಪ್ ಬಿಸಾಡಿದ್ದರೆ ಮಾತ್ರ ನನ್ನ ದೂರಿಗೆ ಬಲವೇ ಇರುತ್ತಿರಲಿಲ್ಲ.

ಹುಡುಗ ಸಾವಿರಕ್ಕೆ 10 ರೂಪಾಯಿ ಇಟ್ಟುಕೊಳ್ಳುತ್ತಾನೆ. ಗಿರಾಕಿಯಿಂದ ಅವನು ನೇರವಾಗಿ ತಗೊಳ್ಳುವ ಹಾಗಿಲ್ಲ, ಅವನಿಗೆ ಕಮಿಷನ್ ಕೊಡಬೇಕಾದವರು ಬ್ಯಾಂಕಿನವರು. ನಾನು ಜಗಳಕ್ಕೆ ಹೋಗಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಎಲ್ಲ ಉಳಿಯುತ್ತದೆ. ಪಕ್ಕದೂರಲ್ಲಿ ಇನ್ನೊಬ್ಬ ಸ್ಲಿಪ್ಪೇ ಕೊಡುವುದಿಲ್ಲವಂತೆ. ಅಲ್ಲಿಗೆ ಮಾತ್ರ ಹೋಗಲೇಬೇಡಿ.

ಯುಪಿಐ ಕಲಿಸೋಣ ಅಂತಲೂ ನೋಡಿದೆ. ಸಂಘದ ಕಂತು, ಎಲೆ ಅಡಿಕೆ ಎಲ್ಲ ನೋಟಿನಲ್ಲೇ ನಡೆಯುವಾಗ ಅವ್ವನಿಗೆ ಅದು ಯಾಕೆ ಬೇಕು?

ಪಿನ್ ಇಲ್ಲದ ಸೇವೆ ಆದ್ದರಿಂದ ಬೆರಳಚ್ಚು ನಕಲು ಮಾಡಿ ಹಣ ಎಳೆಯುವ ಕಳ್ಳರ ಭಯ ಇದ್ದೇ ಇದೆ. ಆಧಾರ್‌ನ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಅಂದರೆ ಬಿಡಿಸುವವರೆಗೆ ಬೆರಳು ಒತ್ತಿದರೂ ನಡೆಯುವುದಿಲ್ಲ. ಅವ್ವನ ಆಧಾರ್‌ಗೆ ನನ್ನ ನಂಬರ್ ಇರುವುದರಿಂದ ನಾನೇ ಲಾಕ್ ಮಾಡಿಟ್ಟು, ಹಣ ತೆಗೆಯುವ ದಿನ ಬಿಡಿಸುತ್ತೇನೆ. ಹೋದ ತಿಂಗಳು ಮರೆತೆ. ಚಾಮರಾಜನಗರದಲ್ಲಿ ಕೆಲಸದಲ್ಲಿದ್ದಾಗ ಫೋನ್ ಬಂತು. ಸಾಲಿನಲ್ಲಿ ನಿಂತೇ ಅವ್ವ ಕೇಳಿದಳು: “ನನ್ನ ಬೆರಳಿಗೆ ಬೀಗ ಹಾಕೋಕೆ ನೀನ್ಯಾರೋ?”